ಗಗನಮಲ್ಲದ ಡಾಕ್ಟರಮ್ಮ

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಆಕೆಯ ವಿಷಯದಲ್ಲಿ ಅದೇನೂ ಕಷ್ಟವಲ್ಲ. ಕೆಟ್ಟದ್ದು ಬರೆಯಲೇಬೇಕೆಂದರೆ ನಾನಿದ್ದೇನೆ, ಬೇಕಾದಷ್ಟು ಸಿಗುತ್ತದೆ. ಹೆಸರು ಬರೆಯುವುದಿಲ್ಲ. ಹದಿನೆಂಟು ವರ್ಷ ಆ ಹೆಸರನ್ನು ಮೈಕಿನಲ್ಲಿ ಕೂಗಿ ಕೂಗಿ ಸವೆಸಿದವನು ನಾನೇ. ಬಹುವಚನವನ್ನೂ ಹಾಕುವುದಿಲ್ಲ. ಬದುಕಿದ್ದಾಗ "ಏನಮ್ಮಾ, ಬಂದೆಯಾ" ಎಂದವನು ಸತ್ತ ಮೇಲೆ "ಅವರು ಬಂದರು, ಅವರು ಹೋದರು" ಎಂದು ಬರೆದರೆ ಅದು ಶುದ್ಧ ನಾಟಕ. ನಾಟಕ ಎಲ್ಲಿ ನಡೆಯುತ್ತಿದೆ ಅನ್ನುವುದು ಆಕೆಗೆ ಬಹಳ ಬೇಗ ಗೊತ್ತಾಗುತ್ತಿತ್ತು.

ನಾನು ಕಳ್ಳಂಬೆಳ್ಳದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವನು. ಆದರೆ ಜನಕ್ಕೆ ನಾನು ಗೊತ್ತಿರುವುದು ಮೈಕ್ ಮೇಷ್ಟ್ರು ಎಂದು. ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನಲ್ಲಿ ಎಲ್ಲೇ ಪೌರಾಣಿಕ ನಾಟಕವಾದರೂ ನಿರೂಪಣೆಗೆ ನನ್ನನ್ನೇ ಕರೆಯುತ್ತಿದ್ದರು. ದೇವರು ನನಗೆ ರೂಪ ಕೊಡಲಿಲ್ಲ, ಎತ್ತರ ಕೊಡಲಿಲ್ಲ, ಗಂಟಲು ಕೊಟ್ಟ. ಆ ಗಂಟಲಿನ ಮೇಲೆ ನನಗೆ ಇದ್ದ ಜಂಬ ಅಷ್ಟಿಷ್ಟಲ್ಲ.

ನಮ್ಮ ಕಡೆಯ ನಾಟಕ ನೋಡದವರಿಗೆ ಒಂದು ಮಾತು ಹೇಳಬೇಕು. ಗಂಡು ಪಾತ್ರಗಳನ್ನೆಲ್ಲ ಊರಿನ ಗಂಡಸರೇ ಮಾಡುತ್ತಾರೆ. ಹೆಣ್ಣು ಪಾತ್ರಕ್ಕೆ ಮಾತ್ರ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ. ಆಟದ ನಡುವೆಯೇ ಅಭಿಮಾನಿಗಳು ಸ್ಟೇಜು ಹತ್ತುತ್ತಾರೆ. ಗಂಡಸರಿಗಾದರೆ ಹಾರ, ಶಾಲು. ಹೆಂಗಸರಿಗಾದರೆ ನೋಟು. ಆ ನೋಟನ್ನು ಕೈಗೆ ಕೊಡುವುದಿಲ್ಲ, ಪಿನ್ನು ತೆಗೆದು ಸೆರಗಿಗೋ ಭುಜಕ್ಕೋ ಚುಚ್ಚುತ್ತಾರೆ. ಚುಚ್ಚಿಸಿಕೊಳ್ಳುವವಳು ಎರಡೂ ಕೈ ಅಗಲಿಸಿಕೊಂಡು ನಗುನಗುತ್ತಾ ನಿಂತಿರಬೇಕು. ಚುಚ್ಚಿದವರ ಹೆಸರು, ಊರು ಮೈಕಿನಲ್ಲಿ ಬರಬೇಕು. ಆ ಹೆಸರು ಹೇಳುವುದು ನನ್ನ ಕೆಲಸ. ನಾನು ಎಷ್ಟು ರಸವತ್ತಾಗಿ ಹೇಳುತ್ತೇನೋ ಅಷ್ಟು ಜನ ಹತ್ತುತ್ತಿದ್ದರು.

ಆಕೆ ನಾಲ್ಕು ತಾಲ್ಲೂಕಿಗೂ ದ್ರೌಪದಿ. ಒಮ್ಮೆ ತಾವರೆಕೆರೆ ಕಡೆಯ ಹಳ್ಳಿಯಲ್ಲಿ ಆಕೆ ಕೃಷ್ಣನಿಗೆ ಮೊರೆಯಿಡುತ್ತಿರುವಾಗಲೇ ಇಬ್ಬರು ಹತ್ತಿದರು. ಎರಡನೆಯವನಿಗೆ ಪಿನ್ನು ಚುಚ್ಚಲು ಜಾಗವೇ ಸಿಗುತ್ತಿರಲಿಲ್ಲ, ಹುಡುಕಿದ, ಹುಡುಕಿದ, ಹುಡುಕುತ್ತಲೇ ಇದ್ದ. ಆಕೆ ಕೈ ಅಗಲಿಸಿಕೊಂಡೇ, ಕಣ್ಣೀರು ಹಾಕಿಕೊಂಡೇ, ಶ್ರುತಿ ಬಿಡದೆ ನಿಂತಿದ್ದಳು. ಸೈಡ್ ವಿಂಗಿಗೆ ಬಂದವಳೇ ನನ್ನ ಹತ್ತಿರ, "ಮೇಷ್ಟ್ರೇ, ಆ ಎರಡ್ನೇವ್ನ ಹೆಸ್ರು ಇನ್ನೊಂದ್ಸಲ ಹೇಳಿ. ಅವನ ಹೆಂಡ್ರಿಗೆ ಒಂದು ಕಾಗ್ದ ಬರಸ್ತೀನಿ, ನಿನ್ ಗಂಡಂಗೆ ಕಣ್ಣು ಕಾಣಕಿಲ್ಲ, ಆಸ್ಪತ್ರೆಗೆ ತೋರ್ಸವ್ವ ಅಂತ" ಎಂದಳು. ನಾನು ಬಿದ್ದು ಬಿದ್ದು ನಕ್ಕೆ. ನಕ್ಕು, ಮತ್ತೆ ಮೈಕಿನಲ್ಲಿ ಮುಂದಿನವನ ಹೆಸರು ಕೂಗಿದೆ.

"ಬರಸ್ತೀನಿ" ಎಂದದ್ದು ಯಾಕೆಂದರೆ ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಮಾತು ಒಂದು ಸಲ ಕಿವಿಗೆ ಬಿದ್ದರೆ ಸಾಕು, ಹಾಗೇ ಕೂತುಬಿಡುತ್ತಿತ್ತು. ನಾನು ಬಿ.ಎ. ಮಾಡಿದವನು ಚೀಟಿ ಇಟ್ಟುಕೊಂಡು ತಡವರಿಸುತ್ತಿದ್ದರೆ ಆಕೆ ಪಕ್ಕದಲ್ಲಿ ಕಡಲೆಕಾಯಿ ಬಿಡಿಸುತ್ತಾ ನನ್ನ ಮುಂದಿನ ವಾಕ್ಯ ಹೇಳಿಕೊಡುತ್ತಿದ್ದಳು. ಇದು ಸಹಾಯ ಅಂತ ಬೇರೆಯವರಿಗೆ ಅನ್ನಿಸಬಹುದು. ನನಗೆ ಮೈ ಉರಿಯುತ್ತಿತ್ತು.

ಇನ್ನು ಗಗನಮಲ್ಲದ ವಿಷಯಕ್ಕೆ ಬರುತ್ತೇನೆ.

ಶಿರಾದಲ್ಲಿ ಕೇಬಲ್ ಚಾನೆಲ್ ನಡೆಸುತ್ತಿದ್ದ ಒಬ್ಬರಿದ್ದರು, ನಾವೆಲ್ಲ ಕೇಬಲ್ ಭಾಯಿ ಎನ್ನುತ್ತಿದ್ದೆವು. ಚಿಕ್ಕಂದಿನಲ್ಲಿ ಟೀವಿ ರಿಪೇರಿ ಮಾಡುತ್ತಾ ಯಾವುದೋ ಪರದೇಶದ ಆಕಾಶನೌಕೆಯ ಧಾರಾವಾಹಿ ನೋಡಿ ಹುಚ್ಚು ಹಿಡಿಸಿಕೊಂಡಿದ್ದರು. ಏಳೆಂಟು ವರ್ಷದ ಹಿಂದೆ ಒಂದು ದಿನ ನನ್ನನ್ನು ಅಂಗಡಿಗೆ ಕರೆಸಿ ಚಾ ಕುಡಿಸಿ, "ಅರೆ ಮೇಷ್ಟ್ರೇ, ಆಸ್ಮಾನಕ್ಕೆ ಅಮೇರಿಕದವ್ರೇ ಹೋಗ್ಬೇಕಾ? ಶಿರಾದವ್ರು ಏನ್ ಗುನಾ ಮಾಡವ್ರೆ? ನಾವೂ ಒಂದು ನೌಕೆ ಬಿಡಾನ" ಎಂದರು. ಕಥೆ ಅವರದೇ, ಕ್ಯಾಮೆರಾ ಅವರ ತಮ್ಮನದು. ನೌಕೆಯ ಹೆಸರು 'ಗಗನಮಲ್ಲ'. ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪ್ರಸಾರ.

ನೌಕೆ ನಿಂತದ್ದು ಒಂದು ಹಳೆಯ ಕಡಲೆಕಾಯಿ ಮಿಲ್ಲಿನಲ್ಲಿ. ಮಿಲ್ಲಿನ ಸಾಹುಕಾರರು ನಮ್ಮ ಕಡೆಯ ಹೆಸರಾಂತ ದುರ್ಯೋಧನ, ಆದ್ದರಿಂದ ಅವರೇ ಕ್ಯಾಪ್ಟನ್. ಕ್ಯಾಪ್ಟನ್ನಿನ ಆಸನ ಒಂದು ಮುಚ್ಚಿದ ಸಲೂನಿನ ಕುರ್ಚಿ. ಕಾಲಿನಲ್ಲಿ ಒತ್ತಿದರೆ ಮೇಲೆ ಹೋಗುತ್ತಿತ್ತು, ಇಳಿಯುವಾಗ ಮಾತ್ರ ಕುಯ್ಯೋ ಎನ್ನುತ್ತಿತ್ತು. ನೌಕೆಯ ಕಿಟಕಿಗೆ ಕಪ್ಪು ರೆಕ್ಸಿನ್ನು ಹೊಡೆದು, ಅದರಲ್ಲಿ ತೂತು ಮಾಡಿ, ಮದುವೆ ಮನೆಯ ಸೀರಿಯಲ್ ಲೈಟು ಬಿಟ್ಟಿದ್ದರು. ಹೊಟ್ಟಿನ ಧೂಳಿಗೆ ಎಲ್ಲರೂ ಕೆಮ್ಮುತ್ತಿದ್ದೆವು. ಭಾಯಿ ಅದನ್ನೂ ಕಥೆಯೊಳಗೆ ಸೇರಿಸಿ, ಬಾಹ್ಯಾಕಾಶದಲ್ಲಿ ಒಂದು ಸಾಂಕ್ರಾಮಿಕ ಬಂದಿದೆ ಎಂದು ಬರೆದರು. ಸಾಂಕ್ರಾಮಿಕಕ್ಕೆ ಡಾಕ್ಟರು ಬೇಕಾಯಿತು. ಆಕೆ ಬಂದದ್ದು ಹೀಗೆ.

ಬಂದ ದಿನ ಭಾಯಿಯ ಹತ್ತಿರ ಒಂದೇ ಷರತ್ತು ಹಾಕಿದಳು. "ನಾನು ಮಾಡೋ ಜಾಗ್ದಾಗೆ ಜನ ಹತ್ಬಾರ್ದು." ಭಾಯಿಗೆ ಅರ್ಥವಾಗಲಿಲ್ಲ. ಆಕೆ ನನ್ನ ಕಡೆ ತಿರುಗಿ, "ಟೀವಿ ಒಳಕ್ಕೆ ಯಾರೂ ಹತ್ಕಂಡು ಬರಕಾಗಲ್ಲ ಅಲ್ವಾ ಮೇಷ್ಟ್ರೇ?" ಎಂದು ಕೇಳಿದಳು. ಆಗಲ್ಲ ಎಂದೆ. "ಅಂಗಾದ್ರೆ ಸರಿ" ಎಂದಳು.

ಯೂನಿಫಾರಂ ಹೊಲಿದವನು ಶಿರಾದ ಬ್ಯಾಂಡ್‌ಸೆಟ್ಟಿನ ದರ್ಜಿ. ನೀಲಿ ಕೋಟು, ಭುಜದ ಮೇಲೆ ಬಂಗಾರದ ದಾರ. ನಾವೆಲ್ಲ ಅದನ್ನು ಹಾಕಿಕೊಂಡು ಮದುವೆ ದಿಬ್ಬಣಕ್ಕೆ ಹೊರಟವರ ಹಾಗಿದ್ದೆವು. ಆಕೆ ಮಾತ್ರ ಕತ್ತಿನವರೆಗೂ ಒಂದೊಂದೇ ಗುಂಡಿ ಹಾಕಿಕೊಂಡು, ಎರಡೂ ಜೇಬಿಗೆ ಕೈ ತೂರಿಸಿ, ಮಿಲ್ಲಿನ ಉದ್ದಕ್ಕೂ ಒಂದು ಸಲ ನಡೆದು ಬಂದಳು. ವಯಸ್ಸು ನಲವತ್ತೈದು ದಾಟಿತ್ತು. "ಮೇಷ್ಟ್ರೇ, ಹುಟ್ಟಿದ್ಮೇಲೆ ಮೊದಲ್ನೇ ಸಲ ಜೇಬಿರೋ ಬಟ್ಟೆ ಹಾಕ್ಕಂಡಿರೋದು" ಎಂದಳು. ನಾನು, "ಜೇಬಿಗೆ ಹಾಕಕ್ಕೆ ಏನೈತಮ್ಮ ನಿನ್ನತ್ರ?" ಎಂದೆ. ಎಲ್ಲರೂ ನಕ್ಕರು, ಆಕೆಯೂ ನಕ್ಕಳು. ಆ ಮಾತು ನನಗೆ ಈಗಲೂ ಚುಚ್ಚುತ್ತದೆ.

ಸಾಹುಕಾರರ ಕ್ಯಾಪ್ಟನ್‌ಗಿರಿ ನೋಡಬೇಕಿತ್ತು. ಗದೆ ಇಲ್ಲದೆ ನೌಕೆ ನಡೆಸುವುದಿಲ್ಲ ಎಂದು ಹಟ ಹಿಡಿದರು. ಶತ್ರುನೌಕೆಯ ಮೇಲೆ ಕ್ಷಿಪಣಿ ಬಿಡುವ ಮುಂಚೆ ಒಂದು ಕಂದಪದ್ಯ ಹೇಳಲೇಬೇಕು, ಅದಕ್ಕೆ ಕಂಟ್ರೋಲ್ ಬೋರ್ಡಿನ ಕೆಳಗೆ ಹಾರ್ಮೋನಿಯಂ. ಶತ್ರುಗಳು ಪದ್ಯ ಮುಗಿಯುವ ತನಕ ಕಾಯುತ್ತಿದ್ದರು, ಪಾಪ. ನಾನು ಉಪಕ್ಯಾಪ್ಟನ್. ನನಗೆ ಪದ್ಯವಿರಲಿಲ್ಲ. ಯಾರಿಗೆ ಎಷ್ಟು ಸಾಲು ಎಂದು ನಾನೂ ಅವರೂ ಭಾಯಿಯ ನೋಟ್‌ಬುಕ್ಕು ಕದ್ದು ಎಣಿಸುತ್ತಿದ್ದೆವು. ಒಂದು ಸಾಲು ಕಡಿಮೆಯಾದರೆ ಸಾಹುಕಾರರು ಮಿಲ್ಲಿನ ಕರೆಂಟು ತೆಗೆದುಬಿಡುತ್ತಿದ್ದರು. ನೌಕೆ ಅಂತರಿಕ್ಷದಲ್ಲೇ ಕತ್ತಲಾಗಿ ನಿಲ್ಲುತ್ತಿತ್ತು.

ಬೇರೆ ಗ್ರಹ ಬೇಕೆಂದಾಗ ಪಾವಗಡದ ಕಡೆ ಹೋಗುತ್ತಿದ್ದೆವು. ಕ್ಯಾತಗಾನಚೆರ್ಲು ಹತ್ತಿರ ಸೋಲಾರ್ ಪಾರ್ಕಿನ ಬೇಲಿಯ ಪಕ್ಕ ಕ್ಯಾಮೆರಾ ಇಟ್ಟರೆ ಕಣ್ಣು ಹಾಯುವವರೆಗೂ ಕರಿ ಗಾಜು, ಖರ್ಚಿಲ್ಲದ ಗ್ರಹ. ಒಂದು ಸಲ ವಾಚ್‌ಮನ್ ಓಡಿ ಬಂದು, "ಎವರಯ್ಯಾ ಮೀರು? ಪರ್ಮಿಷನ್ ಉಂದಾ?" ಎಂದು ದೊಣ್ಣೆ ಎತ್ತಿದ. ಸಾಹುಕಾರರು ಗದೆ ಎತ್ತಿದರು. ಆಕೆ ನಡುವೆ ಹೋಗಿ, ಜೇಬಿಗೆ ಕೈ ಹಾಕಿಕೊಂಡು ಗಂಭೀರವಾಗಿ, "ಏಮಯ್ಯಾ, ನಾಲುಕ ಚೂಪಿಂಚು" ಎಂದಳು. ಅವನು ನಿಜವಾಗಲೂ ನಾಲಿಗೆ ಚಾಚಿದ! ನಾಡಿ ಹಿಡಿದು ನೋಡಿ, ಕಾಫಿ ಕಡಿಮೆ ಮಾಡು ಎಂದಳು. ಆಮೇಲೆ ಅವನೇ ಕುರ್ಚಿ ತಂದು ಹಾಕಿದ. ಆಕೆಯ ತಂಗಿಯ ಮನೆ ಅದೇ ಕಡೆ, ತೆಲುಗು ಬರುತ್ತಿತ್ತು.

ಆ ತಂಗಿಯ ಮನೆಯಲ್ಲೇ ಆಕೆಯ ಮಗಳು ಬೆಳೆದದ್ದು. ನಾಟಕದವಳ ಮಗಳು ಎಂದು ಜನ ಆಡಬಾರದು ಅಂತ ಮೂರು ವರ್ಷದ ಕೂಸನ್ನು ಆಕೆಯೇ ಬಿಟ್ಟು ಬಂದಿದ್ದಳು. ಹುಡುಗಿ ಜಾಣೆ, ನರ್ಸಿಂಗ್ ಓದುತ್ತಿದ್ದಳು, ಹಾಸ್ಟೆಲಿನಲ್ಲಿದ್ದಳು. ಒಂದು ದಿನ ಆಕೆ ಕಾಲೇಜಿನ ಯಾವುದೋ ಅರ್ಜಿಯ ಜೆರಾಕ್ಸ್ ತಂದು, "ಇದ್ರಾಗೆ ನನ್ ಹೆಸ್ರು ಎಲ್ಲೈತೆ ತೋರ್ಸಿ ಮೇಷ್ಟ್ರೇ" ಎಂದಳು. ತೋರಿಸಿದೆ. "ಅದರ ಮುಂದೆ ಇನ್ನೇನೋ ಐತಲ್ಲ, ಸಣ್ಣದು?" ಎಂದಳು. ಮಗಳು ತಾಯಿಯ ಹೆಸರಿನ ಮುಂದೆ 'ಲೇಟ್' ಎಂದು ಬರೆದಿದ್ದಳು. ಓದಿ ಹೇಳಿದೆ. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಆಕೆ ಕಾಗದ ಮಡಚಿ, "ಒಳ್ಳೇದಾಯ್ತು ಬುಡಿ, ಸತ್ತೋರ ಮೇಲೆ ಯಾರೂ ಮಾತಾಡಕಿಲ್ಲ" ಎಂದಳು.

ಡಾಕ್ಟರಮ್ಮ ಮೂರು ತಿಂಗಳಲ್ಲಿ ನಮ್ಮೆಲ್ಲರನ್ನೂ ನುಂಗಿಬಿಟ್ಟಳು. ಚಾನೆಲ್ಲಿಗೆ ಬರುವ ಫೋನೆಲ್ಲ ಆಕೆಗೇ. ಕೊರಟಗೆರೆ ಬಸ್ಸಿನಲ್ಲಿ ಕಂಡಕ್ಟರು ಎದ್ದು ಸೀಟು ಕೊಟ್ಟ. ಶಿರಾ ಸಂತೆಯಲ್ಲಿ ಒಬ್ಬ ಮುದುಕಿ ಮಂಡಿ ತೋರಿಸಿ ಮಾತ್ರೆ ಕೇಳಿದಳು. "ಏ ದ್ರೌಪದಿ" ಎಂದು ಕರೆಯುತ್ತಿದ್ದ ಬಾಯಿಗಳೇ "ಡಾಕ್ಟರಮ್ಮಾ, ಚೆನ್ನಾಗಿದ್ದೀರಾ" ಎನ್ನತೊಡಗಿದವು. ನನ್ನನ್ನು ಕೇಳಿಕೊಂಡು ಒಂದೇ ಒಂದು ಫೋನು ಬಂದಿತ್ತು. ಅದು ನನ್ನ ಹೆಂಡತಿಯದು, ಗ್ಯಾಸ್ ಖಾಲಿಯಾಗಿತ್ತು.

ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಎನ್ನುತ್ತಾರೆ. ಮದ್ದಿಲ್ಲದೆ ಏನು, ನಾನು ಬೇಕಾದಷ್ಟು ಹುಡುಕಿದೆ. ಆಕೆಗೆ ಓದಲು ಬರದ ಕಾರಣ ಡೈಲಾಗು ಓದಿ ಹೇಳುವುದು ನನ್ನ ಕೆಲಸವಾಗಿತ್ತು. ಬೇಕೆಂದೇ ಕೊನೆಯಲ್ಲಿ ಹೇಳುತ್ತಿದ್ದೆ, ಬೇಕೆಂದೇ ಬೇಗ ಹೇಳುತ್ತಿದ್ದೆ. ಒಂದು ದಿನ ಕೊನೆಯ ಸಾಲನ್ನೇ ನುಂಗಿದೆ. ವಿಷಗಾಳಿ ಕುಡಿದ ಸೈನಿಕನ ಪಕ್ಕ ಕೂತು ಆಕೆ ಏನೋ ಹೇಳಬೇಕಿತ್ತು. ಕ್ಯಾಮೆರಾ ಓಡುತ್ತಿತ್ತು, ಸಾಲು ಇಲ್ಲ. ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಅವನ ಕೈ ಹಿಡಿದು, "ಹೋಗ್ತೀನಿ ಅಂತೀಯೇನ್ಲಾ? ನಿನ್ ನಾಡಿ ನನ್ ಕೈಯಾಗೈತೆ. ನಾನು ಬುಟ್ರೆ ತಾನೆ ನೀನು ಹೋಗೋದು" ಎಂದಳು. ಭಾಯಿ "ವಾಹ್! ವಾಹ್!" ಎಂದು ಕುಣಿದರು. ಮುಂದಿನ ಭಾನುವಾರದಿಂದ ಊರಿನಲ್ಲಿ ಯಾರಿಗೆ ನೆಗಡಿಯಾದರೂ ಅದೇ ಮಾತು. ಆಕೆ ಮಾತ್ರ ಭಾಯಿಗೆ ನನ್ನ ಮೇಲೆ ಚಾಡಿ ಹೇಳಲಿಲ್ಲ. ಹೇಳಿದ್ದರೆ ಜಗಳವಾಡಿ ಹಗುರವಾಗುತ್ತಿದ್ದೆನೇನೋ. ಹೇಳದೆ ನನ್ನನ್ನು ಇನ್ನೂ ಸಣ್ಣವನಾಗಿ ಮಾಡಿದಳು ಎಂದು ಅದಕ್ಕೂ ಆಕೆಯ ಮೇಲೇ ಸಿಟ್ಟು ಬಂತು.

ಅದಾದ ಮೇಲೆ ಒಂದು ಬೆಳಿಗ್ಗೆ ಆಕೆ ಮಿಲ್ಲಿಗೆ ಓಡೋಡಿ ಬಂದಳು. ಆ ವಯಸ್ಸಿನ ಹೆಂಗಸು ಹಾಗೆ ಓಡಿದ್ದನ್ನು ನಾನು ನೋಡಿರಲಿಲ್ಲ. "ಮೇಷ್ಟ್ರೇ, ಮಗಳು ಫೋನ್ ಮಾಡಿದ್ಲು! ಹಾಸ್ಟೆಲ್ ಹುಡ್ಗೀರು ಭಾನುವಾರ ಎಲ್ಲಾ ಕೂತ್ಕಂಡು ಗಗನಮಲ್ಲ ನೋಡ್ತಾರಂತೆ. ಡಾಕ್ಟರಮ್ಮ ಬಂದ್ಲು ಡಾಕ್ಟರಮ್ಮ ಬಂದ್ಲು ಅಂತ ಕೂಗ್ತಾರಂತೆ. ಇವಳು ತಡಕಳಕಾಗ್ದೆ 'ಅದು ನಮ್ಮಮ್ಮ' ಅಂದ್ಬುಟ್ಲಂತೆ!" ಹೇಳುತ್ತಾ ನನ್ನ ಕೈ ಹಿಡಿದುಕೊಂಡಳು. ಅಷ್ಟು ಜನರಲ್ಲಿ ನನಗೇ ಮೊದಲು ಬಂದು ಹೇಳಿದಳು. ನಾನೂ ಸಂತೋಷ ಎಂದೆ. ಆ ಹೊತ್ತಿಗೆ ಆದದ್ದು ಸಂತೋಷವೇ ಇರಬೇಕು.

ಆಮೇಲೆ ಸಾಹುಕಾರರಿಗೆ ಪಿತ್ತಕೋಶದ ಆಪರೇಷನ್ ಎಂದಾಯಿತು, ಎರಡು ತಿಂಗಳು ವಿಶ್ರಾಂತಿ. ಭಾಯಿ ಕಥೆಯಲ್ಲಿ ಕ್ಯಾಪ್ಟನ್ನನ್ನು ಒಂದು ಮಂಜಿನ ಗ್ರಹದಲ್ಲಿ ಕಳೆದುಬಿಟ್ಟರು. ಕ್ಯಾಪ್ಟನ್ ಇಲ್ಲವಾದರೆ ಉಪಕ್ಯಾಪ್ಟನ್, ಇದು ಯಾವ ನೌಕೆಯಲ್ಲಾದರೂ ನ್ಯಾಯ. ನಾನು ಹೊಸ ಶೂ ತಂದಿಟ್ಟುಕೊಂಡೆ. ಆ ಶನಿವಾರ ಭಾಯಿ ತಲೆ ಕೆರೆದುಕೊಳ್ಳುತ್ತಾ, "ಮೇಷ್ಟ್ರೇ, ಬುರಾ ಮತ್ ಮಾನೋ. ಪಬ್ಲಿಕ್ಕು ಡಾಕ್ಟರಮ್ಮನ್ನೇ ಕೂರ್ಸಿ ಅಂತವ್ರೆ. ನೀವು ಪಕ್ದಾಗೆ ನಿಂತ್ಕಂಡು ಸೆಲ್ಯೂಟ್ ಹೊಡೀರಿ, ಅದರಾಗೂ ಒಂದು ಶಾನ್ ಐತೆ" ಎಂದರು. ಸೆಲ್ಯೂಟ್! ಸಹಿಯ ಬದಲು ಹೆಬ್ಬೆಟ್ಟು ಒತ್ತುವವಳಿಗೆ ನಾನು ಸೆಲ್ಯೂಟ್ ಹೊಡೆಯಬೇಕು. ಹೊಡೆದೆ. ಏಳು ಭಾನುವಾರ ಹೊಡೆದೆ. ಶಾಲೆಯಲ್ಲಿ ಹುಡುಗರು ನನ್ನನ್ನು ಕಂಡರೆ ಎದೆ ಸೆಟೆಸಿ ಹಣೆಗೆ ಕೈ ಇಟ್ಟು "ಕ್ಯಾಪ್ಟನ್, ಅಪ್ಪಣೆಯಾಗಲಿ" ಎಂದು ನಗುತ್ತಿದ್ದರು.

ಗಗನಮಲ್ಲಕ್ಕೆ ವರ್ಷ ತುಂಬಿತು. ಭಾಯಿ ಮಧುಗಿರಿಯಲ್ಲಿ ಬಯಲು ಸ್ಟೇಜು ಹಾಕಿಸಿ, ನೌಕೆಯನ್ನು ಅಲ್ಲಿಗೆ ಸಾಗಿಸಿ, ಸಂಜೆ ಐದಕ್ಕೆ ಒಂದು ಕಂತನ್ನು ಜನರೆದುರೇ ಆಡಿಸಿ ನೇರಪ್ರಸಾರ ಮಾಡುವುದೆಂದು ಗೊತ್ತುಮಾಡಿದರು. ಆಕೆ ಷರತ್ತು ನೆನಪಿಸಿದಳು. ಯಾರೂ ಹತ್ತದ ಹಾಗೆ ನೋಡಿಕೊಳ್ಳುವ ಹೊಣೆಯನ್ನು ಭಾಯಿ ನನಗೇ ವಹಿಸಿದರು, ನಿರೂಪಣೆಯೂ ನನ್ನದೇ ಆದ್ದರಿಂದ. ಆಕೆ ನಿರಾಳವಾದಳು. "ಮೇಷ್ಟ್ರಿದ್ರೆ ಸರಿ" ಎಂದಳು.

ಶುರುವಾಗುವ ಮುಂಚೆ ಪರದೆಯ ಸಂದಿಯಿಂದ ನನಗೆ ತೋರಿಸಿದಳು. "ಎರಡ್ನೇ ಸಾಲು, ಹಳದಿ ಚೂಡಿದಾರ. ಪಕ್ಕದಾಗಿರೋವು ಹಾಸ್ಟೆಲ್ ಹುಡ್ಗೀರು, ನಾಲ್ಕು ಜನ ಬಂದವ್ರೆ. ಆಟ ಮುಗುದ್ಮೇಲೆ ಎಲ್ರನೂ ಕರ್ಕಂಡು ಹಿಂದಕ್ಕೆ ಬತ್ತಾಳಂತೆ. ಏನಾರ ತಿನ್ನಕೆ ತರ್ಸಿಟ್ಟಿರಿ ಮೇಷ್ಟ್ರೇ." ಹುಡುಗಿ ತಾಯಿಯ ಹಾಗೆಯೇ ಕತ್ತು ನೀಳ ಮಾಡಿಕೊಂಡು ಕೂತಿದ್ದಳು. ಮುಂದಿನ ಸಾಲಿನಲ್ಲಿ ಸಾಹುಕಾರರು ಶಾಲು ಹೊದ್ದು, ಸಲೂನ್ ಕುರ್ಚಿಯನ್ನೇ ನೋಡುತ್ತಿದ್ದರು. ಅವರು ಕಣ್ಸನ್ನೆ ಮಾಡಿದರು ಎಂದು ಬರೆದು ಅರ್ಧ ಪಾಪ ಅವರ ತಲೆಗೆ ಕಟ್ಟಬಹುದು. ಅವರು ಏನೂ ಮಾಡಲಿಲ್ಲ. ಯಾರೂ ಏನೂ ಹೇಳಲಿಲ್ಲ.

ಅರ್ಧ ಆಟ ಚೆನ್ನಾಗಿಯೇ ಹೋಯಿತು. ಇಂಧನ ಮುಗಿದಿದೆ, ನೌಕೆ ಬೀಳುತ್ತಿದೆ, ಕ್ಯಾಪ್ಟನ್ ಆಸನದಲ್ಲಿ ಆಕೆ ಸ್ಥಿರವಾಗಿ ಕೂತಿದ್ದಾಳೆ. ನಾನು ಮುಂದೆ ಬಂದು ಸೆಲ್ಯೂಟ್ ಹೊಡೆದು "ಕ್ಯಾಪ್ಟನ್, ಅಪ್ಪಣೆಯಾಗಲಿ" ಎನ್ನಬೇಕು. ಬಂದೆ. ಮುಂದಿನ ಸಾಲಿನಲ್ಲಿ ಯಾರೋ ಆಗಲೇ ಹಣೆಗೆ ಕೈ ಇಟ್ಟು ನಗುತ್ತಿದ್ದರು. ನನ್ನ ಕೈ ಹಣೆಗೆ ಹೋಗಲಿಲ್ಲ. ಪಕ್ಕದ ಸ್ಟ್ಯಾಂಡಿನಲ್ಲಿದ್ದ ನಿರೂಪಣೆಯ ಮೈಕಿಗೆ ಹೋಯಿತು.

"ಮಹಾಜನಗಳೇ," ಎಂದೆ. ಎಂಥ ದನಿ ಬಂತೆಂದರೆ, ಅಷ್ಟು ಚೆನ್ನಾಗಿ ಅದಕ್ಕೆ ಮುಂಚೆ ಯಾವತ್ತೂ ಬಂದಿರಲಿಲ್ಲ. "ಈಗ ತಮ್ಮ ಮುಂದೆ ಕ್ಯಾಪ್ಟನ್ ಆಸನದಲ್ಲಿ ವಿರಾಜಮಾನರಾಗಿರುವವರು ಬೇರೆ ಯಾರೂ ಅಲ್ಲ. ಹದಿನೆಂಟು ವರ್ಷಗಳ ಕಾಲ ಈ ನಾಲ್ಕು ತಾಲ್ಲೂಕಿನ ಹಳ್ಳಿಹಳ್ಳಿಯಲ್ಲಿ ನಮ್ಮನ್ನು ನಿಮ್ಮನ್ನು ರಂಜಿಸಿದ, ನಿಮ್ಮ ನಿಮ್ಮ ಕೈಯಾರೆ ಕಾಣಿಕೆ ಪಡೆದ, ನಮ್ಮ ನಿಮ್ಮೆಲ್ಲರ ದ್ರೌಪದಿ! ಅಭಿಮಾನಿಗಳು ಇಂದೂ ಕಾಣಿಕೆ ಸಲ್ಲಿಸುವುದಾದರೆ ವೇದಿಕೆಗೆ ದಯಮಾಡಿಸಬಹುದು."

ಒಂದು ಕ್ಷಣ ಜನಕ್ಕೆ ಅರ್ಥವಾಗಲಿಲ್ಲ. ಆಮೇಲೆ ಹಿಂದಿನಿಂದ ಒಬ್ಬ ಶಿಳ್ಳೆ ಹಾಕಿದ. ಹಳೇ ನಾಟಕದ ಹುಚ್ಚಿನವರು ನಾಲ್ಕಾರು ಜನ ಎದ್ದರು, ಅವರನ್ನು ನೋಡಿ ಇನ್ನೂ ಹತ್ತು ಜನ. ಮೊದಲನೆಯವನು ಸ್ಟೇಜು ಹತ್ತಿ ಜೇಬಿನಿಂದ ನೋಟು ತೆಗೆದ. ಪಿನ್ನು ಅವನ ಹತ್ತಿರ ಇತ್ತು. ಅದು ಅಲ್ಲಿ ಯಾಕಿತ್ತೋ, ನಮ್ಮ ಕಡೆ ಇರುತ್ತದೆ.

ಆಕೆ ಬಯ್ಯಬಹುದು, ಎದ್ದು ಒಳಗೆ ಹೋಗಬಹುದು ಎಂದುಕೊಂಡಿದ್ದೆ. ಅಷ್ಟಾದರೆ ಸಾಕಿತ್ತು ನನಗೆ. ಆಕೆ ಎದ್ದು ನಿಂತಳು. ಎರಡೂ ಕೈ ತಾವಾಗಿಯೇ ಅಗಲವಾದವು. ಹದಿನೆಂಟು ವರ್ಷದ ರೂಢಿ ಅದು, ನೋಟು ಹಿಡಿದ ಗಂಡಸು ಎದುರಿಗೆ ಬಂದರೆ ಆ ಕೈಗಳಿಗೆ ಬೇರೆ ಏನೂ ಗೊತ್ತಿರಲಿಲ್ಲ. ಮುಖದಲ್ಲಿ ಆ ಹಳೆಯ ನಗುವೂ ಬಂತು. ಕೈ ಅಗಲವಾದದ್ದು ಆಕೆಗೇ ಗೊತ್ತಾಗುವ ಹೊತ್ತಿಗೆ ಕೋಟಿನ ಭುಜದ ಮೇಲೆ ಮೂರು ನೋಟು ಇದ್ದವು. ಇಳಿಸೋಣವೆಂದರೆ ಇಬ್ಬರು ಎರಡು ಕಡೆ ಹಿಡಿದುಕೊಂಡಿದ್ದರು. ಒಬ್ಬ ನೋಟು ಆಡಿಸುತ್ತಾ, "ಸೆರಗೆಲ್ಲಮ್ಮಾ ಹೋಯ್ತು? ಎಲ್ಲಿಗೆ ಚುಚ್ಚಾನ?" ಎಂದ. ಮೈಕು ತೆರೆದೇ ಇತ್ತು. ಮಧುಗಿರಿಯ ಬಯಲೆಲ್ಲ ನಕ್ಕಿತು. ಕತ್ತಿನ ಹತ್ತಿರದ ಎರಡು ಗುಂಡಿ ಕಿತ್ತು ಬಂದವು.

ಎರಡನೇ ಸಾಲಿನಲ್ಲಿ ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು. ಹಳದಿ ಚೂಡಿದಾರದವಳು ಗೆಳತಿಯರಿಗೆ ಏನೋ ಹೇಳಿ, ಎದ್ದು, ಕುರ್ಚಿಗಳ ಸಂದಿಯಲ್ಲಿ ನಡೆದು ಹೋದಳು. ಆಕೆ ಕೈ ಅಗಲಿಸಿಕೊಂಡೇ ನೋಡುತ್ತಿದ್ದಳು. ಭಾಯಿ "ಬಂದ್ ಕರೋ! ಬಂದ್ ಕರೋ!" ಎಂದು ಕಿರುಚಿ ಸೀರೆ ಅಂಗಡಿಯ ಜಾಹೀರಾತು ಹಾಕಿಸುವಷ್ಟರಲ್ಲಿ ಇದೆಲ್ಲ ನಾಲ್ಕು ತಾಲ್ಲೂಕಿನ ಟೀವಿಗಳಿಗೂ ಹೋಗಿತ್ತು.

ಜನರನ್ನು ಇಳಿಸಿದ ಮೇಲೆ ಆಕೆ ಆಟ ಮುಗಿಸಿದಳು. ನೋಟು ಕೀಳಲಿಲ್ಲ, ಅವು ಕೋಟಿನ ಮೇಲೆ ಗಾಳಿಗೆ ಆಡುತ್ತಿದ್ದವು. ಒಂದು ಸಾಲೂ ತಪ್ಪಲಿಲ್ಲ, ನೌಕೆಯನ್ನು ಕ್ಷೇಮವಾಗಿ ಇಳಿಸಿದಳು. ಪರದೆ ಬಿದ್ದ ಮೇಲೆ ನನ್ನ ಹತ್ತಿರ ಬಂದಳು. ಹೊಡೆಯಲಿ ಎಂದು ನಿಂತಿದ್ದೆ. "ಮೇಷ್ಟ್ರೇ, ಹೆಸ್ರು ಹೇಳೋದೇ ಮರ್ತ್‌ಬುಟ್ರಲ್ಲ" ಎಂದಳು. "ಚುಚ್ಚಿದೋರ ಹೆಸ್ರು, ಊರು ಹೇಳ್ಬೇಕಲ್ವಾ ಮೈಕ್‌ನಾಗೆ? ಪಾಪ, ಬೇಜಾರ್ ಮಾಡ್ಕಂತಾರೆ." ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ನನಗೆ ಕಂಡ ಮಟ್ಟಿಗೆ ಏನೂ ಇರಲಿಲ್ಲ. ಹುಡುಗಿಯರಿಗೆಂದು ತರಿಸಿದ್ದ ಖಾರಾಬೂಂದಿ ಪೊಟ್ಟಣಗಳನ್ನು ಸೆಟ್ಟು ಬಿಚ್ಚುವ ಆಳುಗಳಿಗೆ ಹಂಚಿ, ಬಸ್ಸು ಹತ್ತಿ ಹೋದಳು.

ಮತ್ತೆ ಮಿಲ್ಲಿಗೆ ಬರಲಿಲ್ಲ. ಭಾಯಿ ಎರಡು ಸಲ ಮನೆಗೆ ಹೋಗಿ ಕರೆದರು. ನನ್ನ ಜೊತೆ ಭಾಯಿ ಆವತ್ತಿನಿಂದ ಮಾತು ಬಿಟ್ಟರು, ಸಾಹುಕಾರರು ಇನ್ನೂ ಸುಧಾರಿಸಿಕೊಂಡಿರಲಿಲ್ಲವಾದ್ದರಿಂದ ಬೇರೆ ದಾರಿಯಿಲ್ಲದೆ ಆ ಕುರ್ಚಿಯಲ್ಲಿ ನನ್ನನ್ನೇ ಕೂರಿಸಿದರು. ಮೂರು ಭಾನುವಾರ ಕೂತೆ. ಫೋನುಗಳು ಬಂದವು, ಡಾಕ್ಟರಮ್ಮ ಎಲ್ಲಿ ಎಂದು. ನಾಲ್ಕನೇ ಭಾನುವಾರ ಭಾಯಿ ಗಗನಮಲ್ಲವನ್ನೇ ನಿಲ್ಲಿಸಿಬಿಟ್ಟರು.

ಆಕೆ ವಾಪಸು ನಾಟಕಕ್ಕೆ ಹೋದಳು. ಹಿಂದಿನ ಹಾಗೆ ದ್ರೌಪದಿಯಲ್ಲ, ವಯಸ್ಸಾಗಿತ್ತು, ಕುಂತಿ, ಗಾಂಧಾರಿ. ನಾನು ಮೈಕು ಹಿಡಿಯುವುದನ್ನು ಬಿಡಲಿಲ್ಲ, ಬಿಟ್ಟೆ ಎಂದು ಬರೆದರೆ ಚೆಂದ ಕಾಣುತ್ತದೆ, ಆದರೆ ಬಿಡಲಿಲ್ಲ. ಆಕೆಯಿರುವ ಆಟಕ್ಕೆ ಮಾತ್ರ ಹೋಗುತ್ತಿರಲಿಲ್ಲ. ಒಂದು ವರ್ಷದ ಮೇಲೆ ಶಿರಾ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಳು. ಹಳೆಯ ಸಲುಗೆಯಲ್ಲೇ ಪಕ್ಕ ಕೂರಿಸಿಕೊಂಡಳು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದೆ. "ಮಗಳು ಹೆಂಗವ್ಳೆ?" ಎಂದು ಕೇಳಿದೆ, ನೋಡಿ ನನ್ನ ಬುದ್ಧಿ.

"ಓದು ಮುಗುಸ್ಕಂಡ್ಲು" ಎಂದಳು. ಆಮೇಲೆ, "ಅವತ್ತು ಹುಡ್ಗೀರಿಗೆ ಏನಂದ್ಲಂತೆ ಗೊತ್ತಾ ಮೇಷ್ಟ್ರೇ? 'ಅದು ನಮ್ಮಮ್ಮ ಅಲ್ಲ ಕಣ್ರೇ, ನಾನು ಸುಮ್ನೆ ತಮಾಷೆಗೆ ಅಂದಿದ್ದೆ' ಅಂತ. ನನ್ ತಂಗಿ ಹೇಳಿದ್ಲು" ಎಂದಳು. ಮಗಳ ದನಿಯನ್ನು ಹಾಗೇ ಮಾಡಿ ತೋರಿಸಿದಳು, ಆಕೆಗೆ ಒಂದು ಸಲ ಕೇಳಿದರೆ ಸಾಕಲ್ಲ. ಇದು ತಂಗಿಯ ಬಾಯಿಂದ ಕೇಳಿದ್ದು, ಆದರೂ ಮಗಳ ದನಿಯಲ್ಲೇ ಬಂತು. ಎಷ್ಟು ಸಲ ಒಬ್ಬಳೇ ಕೂತು ಹೇಳಿಕೊಂಡಿದ್ದಳೋ.

ಕೊನೆಗೆ ಸಕ್ಕರೆ ಕಾಯಿಲೆ ಕಿಡ್ನಿಗೆ ಇಳಿಯಿತು. ತುಮಕೂರಿನಲ್ಲಿ ಡಯಾಲಿಸಿಸ್. ಅದೇ ಆಸ್ಪತ್ರೆಯಲ್ಲಿ ಮಗಳು ನರ್ಸು. ವಾರಕ್ಕೆ ಎರಡು ಸಲ ಅವಳೇ ಕೈ ಹಿಡಿದು ಕರೆದೊಯ್ಯುತ್ತಿದ್ದಳಂತೆ, ಚೆನ್ನಾಗಿ ನೋಡಿಕೊಂಡಳಂತೆ. ವಾರ್ಡಿನಲ್ಲಿ ಯಾರಾದರೂ ಯಾರಿವರು ಎಂದು ಕೇಳಿದರೆ "ನಮ್ಮ ಕಡೆಯೋರು" ಎನ್ನುತ್ತಿದ್ದಳಂತೆ. ಇದನ್ನು ಭಾಯಿಯ ಮನೆಯವರು ನೋಡಿ ಬಂದು ಹೇಳಿದ್ದು.

ಹೋದ ತಿಂಗಳು ಸುದ್ದಿ ಬಂದಾಗ ಹೋಗಬಾರದೆಂದೇ ಇದ್ದೆ. ಕಾಲು ಕೇಳಲಿಲ್ಲ. ಶಿರಾದ ಹೊರಗೆ ಆಕೆಯ ಬಾಡಿಗೆ ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ನಾಟಕದವರೆಲ್ಲ ಬಂದಿದ್ದರು, ಸಾಹುಕಾರರು ಕೋಲೂರಿಕೊಂಡು ಬಂದಿದ್ದರು. ಕಲಾವಿದರ ಸಾವು ಎಂದ ಮೇಲೆ ನಾಲ್ಕು ಮಾತು ಆಡಬೇಕು. ಯಾರೋ ಮೈಕು ತಂದು, "ಮೇಷ್ಟ್ರಿದಾರಲ್ಲ, ಇನ್ಯಾಕೆ ಬೇರೆಯೋರು" ಎಂದು ನನ್ನ ಕೈಗೇ ಕೊಟ್ಟರು. ಬೇಡ ಎನ್ನಬಹುದಿತ್ತು. ಕೈಗೆ ಮೈಕು ಬಂತು, ಗಂಟಲು ತಾನಾಗಿ ಸರಿಯಾಯಿತು.

ಮಾತಾಡಿದೆ. ಸುಳ್ಳೊಂದೂ ಹೇಳಲಿಲ್ಲ. ಆ ಕಂಠ, ಆ ನೆನಪು, ಆ ಹಾಸ್ಯ, ಸೋಲಾರ್ ಪಾರ್ಕಿನ ವಾಚ್‌ಮನ್ನನ ನಾಲಿಗೆ, ಸೈನಿಕನ ನಾಡಿ ಹಿಡಿದು ಆಡಿದ ಮಾತು, ಎಲ್ಲ ಹೇಳಿದೆ. ನಕ್ಕರು, ಆಮೇಲೆ ಅತ್ತರು. ಸಾಹುಕಾರರು ಶಾಲಿನಲ್ಲಿ ಮುಖ ಮುಚ್ಚಿಕೊಂಡರು. ಹತ್ತು ನಿಮಿಷ ಮಾತಾಡಿರಬೇಕು. ಜನ ಅಳುವುದು ಕೇಳಿ ನನ್ನೊಳಗೆ ಎಲ್ಲೋ ಒಂದು ಕಡೆ ಹಿತವಾಯಿತು, ಅದನ್ನೂ ಹೇಳಿಬಿಡುತ್ತೇನೆ.

ಹೆಣದ ತಲೆಯ ಹತ್ತಿರ ಕೂತಿದ್ದ ಮಗಳು ಅಳುತ್ತಿರಲಿಲ್ಲ. ನಾನು ಮುಗಿಸಿ ಕೈ ಮುಗಿಯುತ್ತಿದ್ದಂತೆ ಎದ್ದು ಬಂದಳು. ಮೈಕಿಗೆ ಕೈ ಚಾಚಿದಳು, ಕೊಟ್ಟೆ. ಡ್ಯೂಟಿಯಲ್ಲಿ ಮಾತಾಡುವವರ ಹಾಗೆ ತಣ್ಣಗೆ, ಮರ್ಯಾದೆಯಿಂದಲೇ ಮಾತಾಡಿದಳು.

"ಅವತ್ತೂ ನೀವು ಇಷ್ಟೇ ಚೆನ್ನಾಗಿ ಮಾತಾಡಿದ್ರಿ, ಸಾರ್."

ಮೈಕು ಇನ್ನೂ ಆನ್ ಇತ್ತು.